ಎರಡನೆಯ ಬಿಗಿತ

ನಾನು ಒಂದು ಜೀನು. ಕುದುರೆಯ ಬೆನ್ನ ಮೇಲೆ ನನ್ನ ಜಾಗ, ನನ್ನ ಬೆನ್ನ ಮೇಲೆ ಉಳಿದ ಎಲ್ಲರ ಜಾಗ. ಮದುವೆಯ ಮೆರವಣಿಗೆಯಲ್ಲಿ ಮಿಂಚುವ ಜರಿಯ ಜೀನು ಅಂತ ತಿಳಿದುಕೊಳ್ಳಬೇಡಿ. ಪೊಲೀಸರ ಕುದುರೆಯ ಮೇಲಿನ ಹೊಳೆಯುವ ಚರ್ಮದ ಜೀನೂ ಅಲ್ಲ. ಅಲೆಮಾರಿ ಕುರಿಗಾರರ ಕುದುರೆಯ ಮೇಲೆ ಇಡೀ ಸಂಸಾರವನ್ನು ಹೇರುತ್ತಾರಲ್ಲ, ಆ ಹೇರಿನ ಅಡಿಯಲ್ಲಿರುವ ಒರಟು ಮರದ ಜೀನು. ಹೇರು ಚೆನ್ನಾಗಿ ಕೂತಿದ್ದರೆ ನನ್ನ ನೆನಪು ಯಾರಿಗೂ ಬರುವುದಿಲ್ಲ. ಜಾರಿದರೆ ಮಾತ್ರ ಎಲ್ಲರೂ ನನ್ನ ಕಡೆ ನೋಡುತ್ತಾರೆ. ನಾನು ಜಾರಿದ್ದು ಒಂದೇ ಸಲ. ಅದನ್ನು ಹೇಳುವುದಕ್ಕಾಗಿಯೇ ಇಷ್ಟೆಲ್ಲ ಹೇಳುತ್ತಿದ್ದೇನೆ.

ನನ್ನನ್ನು ಮಾಡಿದವನು ಭರಮಪ್ಪ. ರಾಯಬಾಗದ ಕಡೆಯ ಕುರಿಗಾರ, ಆದರೆ ಕುರಿಗಿಂತ ಕುದುರೆಯ ಹುಚ್ಚು ಹೆಚ್ಚು. ಒಣಗಿದ ಜಾಲಿಮರ ತಂದು ಮುಂದಕ್ಕೊಂದು ಹಿಂದಕ್ಕೊಂದು ಎರಡು ಕಮಾನು ಕಡಿದ. ಅವನ್ನು ಕೂಡಿಸಲು ನಾಲ್ಕು ಹಲಗೆ ಹಾಕಿದ. ಸಮಗಾರರ ಹತ್ತಿರ ಹೊಟ್ಟೆಯ ಪಟ್ಟಿ ಹೊಲಿಸಿ ತಂದ. ಆ ಪಟ್ಟಿಗೆ ಏಳು ತೂತು. ಕುದುರೆಯ ಬೆನ್ನಿಗೆ ತಾಗುವ ಮೆತ್ತೆಯನ್ನು ಹೊಲಿದವಳು ಅವನ ಮಗಳು ಮಾಯವ್ವ. ಹಳೆಯ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ, ನಡುವೆ ಉಣ್ಣೆ ತುಂಬಿ, ಹಲ್ಲಿನಿಂದ ದಾರ ಕಡಿಯುತ್ತ ಹೊಲಿದಳು. ಅವಳಿಗೆ ಆಗ ಹತ್ತೊಂಬತ್ತು. ಆ ವಾರ ಅವಳ ಮದುವೆ. ನಾನು ಮತ್ತು ಕೆಂಚಿ ಎಂಬ ಕೆಂಪು ಹೆಣ್ಣುಕುದುರೆ, ಇಬ್ಬರೂ ಅವಳ ಜೊತೆ ಗಂಡನ ಮನೆಗೆ ಹೋಗುವವರು.

ನನ್ನನ್ನು ಮೊದಲ ಸಲ ಕೆಂಚಿಯ ಮೇಲೆ ಇಟ್ಟ ದಿನ ಭರಮಪ್ಪ ಪಟ್ಟಿಯನ್ನು ಐದನೆಯ ತೂತಿಗೆ ಎಳೆದು ಕೊಂಡಿ ಹಾಕಿದ. ನೋಡಿದರೆ ಗಟ್ಟಿಯಾಗಿತ್ತು. ಬೆರಳು ಹಾಕಲು ಸಂದು ಇರಲಿಲ್ಲ.

“ಬಿಗಿ ಆತೇನು?” ಅಂತ ಮಗಳನ್ನು ಕೇಳಿದ.

“ಆತಲ್ಲ.”

“ಈಗ ನಾಕ ಹೆಜ್ಜಿ ನಡಸು.”

ಅವಳು ಕೆಂಚಿಯನ್ನು ನಾಲ್ಕು ಹೆಜ್ಜೆ ನಡೆಸಿದಳು. ಭರಮಪ್ಪ ಬಂದು ಪಟ್ಟಿಯ ಕೆಳಗೆ ಕೈ ಹಾಕಿದ. ನಾಲ್ಕು ಬೆರಳು ಸಲೀಸಾಗಿ ಹೋದವು.

“ಇದು ಕಳ್ಳ ಜಾತಿ, ಮಾಯಿ. ಪಟ್ಟಿ ಎಳಿಯೂ ಮುಂದ ಉಸುರು ತುಂಬ್ಕೊಂಡು ಹೊಟ್ಟಿ ಉಬ್ಬಸ್ತೈತಿ. ನೀ ಬಿಗಿ ಆತು ಅಂತ ತಿಳ್ಕೋತಿ. ನಾಕ ಹೆಜ್ಜಿ ನಡದ ಮ್ಯಾಲೆ ಉಸುರು ಬಿಡ್ತೈತಿ. ಆಗ ಮತ್ತ ಬಿಗೀಬೇಕು. ಎರಡನೇ ಸಲ ಬಿಗಿಯೂತನಕ ಕುದುರಿ ಮ್ಯಾಲೆ ಏನೂ ಹೇರಬಾರದು.”

ಎರಡನೆಯ ಸಲ ಎಳೆದಾಗ ಕೊಂಡಿ ಏಳನೆಯ ತೂತಿಗೆ ಬಂತು. ಕೆಂಚಿ ಕಿವಿ ಹಿಂದೆ ಮಾಡಿ ಮುನಿಸು ತೋರಿಸಿತು. ಮಾಯವ್ವ ಅದರ ಮೂತಿ ಹಿಡಿದು, “ನಿನ್ನ ಆಟ ನನಗ ಗೊತ್ತಾತು” ಅಂತ ನಕ್ಕಳು. ಆ ನಗು ನನಗೆ ಈಗಲೂ ಕೇಳುತ್ತದೆ. ಕೇಳಿಸದೇ ಇದ್ದರೆ ಒಳ್ಳೆಯದಿತ್ತು.

ಗಂಡ ಅಮೋಗೆಪ್ಪ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನನ್ನ ಸಿಟ್ಟಿನಲ್ಲಿ ಮರೆತುಹೋಗಬಹುದು. ಉದ್ದ ಕಾಲಿನ, ಕಡಿಮೆ ಮಾತಿನ ಆಳು. ಎಂಟು ಮನೆಯವರ ಕುರಿಗಳು ಒಂದಾಗಿ ಮೇವು ಹುಡುಕಿ ದೇಶದ ಮೇಲೆ ಹೊರಟರೆ ಆ ಹಿಂಡಿಗೆಲ್ಲ ಅವನೇ ಮುಂದಾಳು. ಎಲ್ಲಿ ಮೇವಿದೆ, ಯಾರ ಹೊಲದಲ್ಲಿ ಕುರಿ ನಿಲ್ಲಿಸಬೇಕು, ಯಾವ ಹಳ್ಳ ಯಾವಾಗ ದಾಟಬೇಕು, ಎಲ್ಲವೂ ಅವನ ಮಾತಿನಂತೆ. ಕುರಿಯ ಕೆಮ್ಮು ಕೇಳಿ ರೋಗ ಹೇಳುತ್ತಿದ್ದ.

ಆದರೆ ಕುದುರೆಯ ವಿಷಯ ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಆ ಮಂದಿಯಲ್ಲಿ ಕುರಿ ಗಂಡಸರದು, ಕುದುರೆ ಹೆಂಗಸರದು. ಬೆಳಗಾದರೆ ಗಂಡಸರು ಕುರಿ ಮೇಯಿಸುತ್ತ ಸುತ್ತುಬಳಸಿ ಹೊರಡುತ್ತಾರೆ. ಹೆಂಗಸರು ಬಿಡಾರ ಕಿತ್ತು ಕುದುರೆಯ ಮೇಲೆ ಹೇರಿ, ನೇರ ದಾರಿ ಹಿಡಿದು ಮುಂದಿನ ಜಾಗಕ್ಕೆ ಹೋಗಿ ಒಲೆ ಹಚ್ಚುತ್ತಾರೆ. ಕುದುರೆಗೆ ಹೇರುವ ಗಂಡಸನ್ನು ಯಾರಾದರೂ ಕಂಡರೆ ಮುಗಿಯಿತು. “ಸೀರಿ ಉಡಸ್ರಲೇ ಇವಗ” ಅಂತ ಊಟದ ಹೊತ್ತಿನವರೆಗೂ ನಗುತ್ತಾರೆ. ನಗೆಯ ಮಾತೇ ಅದು. ಅದೇ ನಗೆ ಒಂದು ಜೀವ ತಿಂದಿತು.

ಮಾಯವ್ವ ಹೇರುವುದನ್ನು ನೀವು ನೋಡಬೇಕಿತ್ತು. ಎಲ್ಲಕ್ಕಿಂತ ಕೆಳಗೆ ಹಿಟ್ಟಿನ ಚೀಲ, ಆ ಕಡೆಗೊಂದು ಈ ಕಡೆಗೊಂದು, ಕೈಯಲ್ಲಿ ಎತ್ತಿ ತೂಕ ನೋಡಿ. ಅದರ ಮೇಲೆ ಪಾತ್ರೆ, ಹಂಚು, ನೀರಿನ ಕೊಡ. ಪಕ್ಕಕ್ಕೆ ಕೋಳಿಯ ಬುಟ್ಟಿ. ಹಿಂದಿನ ದಿನ ಹುಟ್ಟಿದ ಕುರಿಮರಿಗಳು ಚೀಲದಿಂದ ತಲೆ ಹೊರಗೆ ಹಾಕಿಕೊಂಡು. ಎಲ್ಲದರ ಮೇಲೆ ಕಂಬಳಿ ಮಡಚಿ ಗೂಡು ಮಾಡಿ, ಆ ಗೂಡಿನಲ್ಲಿ ಕೂಸು. ಕೂಸಿನ ನಡುವಿಗೆ ಹಳೆಯ ಸೀರೆಯ ಪಟ್ಟಿ ಕಟ್ಟಿ ಹೇರಿನ ಹಗ್ಗಕ್ಕೆ ಬಿಗಿಯುತ್ತಿದ್ದಳು. ಮೈಲಿಗಟ್ಟಲೆ ನಡೆದರೂ ಕೂಸಿನ ನಿದ್ದೆ ಕೆಡುತ್ತಿರಲಿಲ್ಲ. ಹೀಗಾಗಿ ಆ ಎಂಟು ಮನೆಗಳಲ್ಲಿ ಒಂದು ಪದ್ಧತಿ ಬೆಳೆಯಿತು: ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಅದರ ಮೊದಲ ಪ್ರಯಾಣ ಮಾಯವ್ವನ ಕುದುರೆಯ ಮೇಲೆ. ಬಾಣಂತಿಯರು ಕೂಸನ್ನು ತಂದು ಅವಳ ಕೈಗೆ ಕೊಡುತ್ತಿದ್ದರು. ಹನ್ನೊಂದು ಕೂಸುಗಳನ್ನು ನಾನು ಹಾಗೆ ಹೊತ್ತಿದ್ದೇನೆ. ಒಂದಕ್ಕೂ ತರಚು ಗಾಯ ಆಗಿಲ್ಲ.

ಓಡಿಸುವುದರಲ್ಲೂ ಅವಳು ಅಷ್ಟೇ. ಒಂದು ಸಲ ಅತ್ತೆ ಬಾಳವ್ವನಿಗೆ ಹಾವು ಕಚ್ಚಿತು. ಗಂಡಸರೆಲ್ಲ ಕುರಿಯ ಹಿಂದೆ ದೂರ ಹೋಗಿದ್ದರು. ಮಾಯವ್ವ ನನ್ನ ಮೇಲಿನ ಹೇರನ್ನೆಲ್ಲ ನೆಲಕ್ಕೆ ಕೆಡವಿ, ಅತ್ತೆಯನ್ನು ಮುಂದೆ ಕೂರಿಸಿಕೊಂಡು, ಸೀರೆಯ ಕಚ್ಚೆ ಹಾಕಿ ಹತ್ತಿದಳು. ಆ ಅವಸರದಲ್ಲೂ ಕೆಂಚಿಯನ್ನು ನಾಲ್ಕು ಹೆಜ್ಜೆ ನಡೆಸಿ ಇನ್ನೊಮ್ಮೆ ಬಿಗಿದೇ ಹತ್ತಿದ್ದು. ಬಾಳವ್ವ “ಸಾಯಾಕತ್ತೀನಿ, ಇದೇನ್ ಪೂಜಿ ನಿಂದು!” ಅಂತ ಬೈದಳು. ಎಂಟು ಮೈಲಿ ಓಟ. ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಜನ ಬಾಯಿ ತೆರೆದು ನಿಂತರು. ಆಸ್ಪತ್ರೆಯ ಗೇಟಿನವನು ಕುದುರೆಗೆ ಒಳಗೆ ಪ್ರವೇಶವಿಲ್ಲ ಅಂದ. ಅವನ ಮಾತು ಮುಗಿಯುವ ಮೊದಲೇ ನಾವು ಮೆಟ್ಟಿಲ ಹತ್ತಿರ ಇದ್ದೆವು. ಬಾಳವ್ವ ಬದುಕಿದಳು. ಆಮೇಲೆ ಸಿಕ್ಕಸಿಕ್ಕವರ ಮುಂದೆ, “ನನ್ನ ಸೊಸಿ ಕುದುರಿ ಹತ್ತಿದ್ರ ಯಮನೂ ಹಿಂದ ಬೀಳ್ತಾನ” ಅನ್ನುತ್ತಿದ್ದಳು.

ಮಾಯವ್ವನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ರೇವಿ, ಚಿಕ್ಕವಳು ಕಾಶಿ. ರೇವಿ ನಡೆಯಲು ಕಲಿತ ಮೇಲೆ ನನ್ನ ಮೇಲಿನ ಗೂಡು ಕಾಶಿಯದಾಯಿತು. ಕಾಶಿಗೆ ಒಂದು ಚಟವಿತ್ತು: ಗೂಡಿನಲ್ಲಿ ಕೂತು ಕೈ ಚಾಚಿ ನನ್ನ ಮುಂದಿನ ಕಮಾನನ್ನು ಬಡಿಯುವುದು. ಬಡಿಯುತ್ತ ಏನೋ ಹಾಡುವುದು. ಎರಡು ವರ್ಷದ ಕೂಸಿನ ಅಂಗೈ ಎಷ್ಟು ದೊಡ್ಡದಿರುತ್ತದೆ ಹೇಳಿ. ಆದರೂ ಕಮಾನಿನ ಆ ಭಾಗ ನುಣುಪಾಗಿತ್ತು. ಈಗಲೂ ಹಾಗೇ ಇದೆ.

ಆ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ನಾವು ಒಂದು ದೊಡ್ಡ ಕಾಲುವೆಯ ಪಕ್ಕ ಬಿಡಾರ ಬಿಟ್ಟಿದ್ದೆವು. ಕಬ್ಬಿಗೆ ನೀರು ಬಿಟ್ಟಿದ್ದರಿಂದ ಕಾಲುವೆ ದಂಡೆಯವರೆಗೂ ತುಂಬಿ ಹರಿಯುತ್ತಿತ್ತು. ಸಂಜೆ ಅಡುಗೆ ಮಾಡುವಾಗ ಕುದಿಯುವ ಅಂಬಲಿಯ ಗಡಿಗೆ ಉರುಳಿ ಮಾಯವ್ವನ ಬಲಗೈ ಬೆಂದಿತು. ಲೋಳೆಸರ ಹಚ್ಚಿ ಅರಿವೆ ಸುತ್ತಿದರು. ಬೆಳಿಗ್ಗೆ ಅವಳ ಬೆರಳು ಮಡಚಲು ಬರುತ್ತಿರಲಿಲ್ಲ.

ಬಾಳವ್ವ ರೇವಿಯನ್ನು ಕರೆದುಕೊಂಡು ಉಳಿದ ಹೆಂಗಸರ ಜೊತೆ ಮುಂದೆ ಹೊರಟಳು. ಯಾರನ್ನಾದರೂ ನಿಲ್ಲಿಸಿಕೊಳ್ಳಬಹುದಿತ್ತು. ಆದರೆ ಅಮೋಗೆಪ್ಪ, “ನೀ ಕೂಡು, ನಾ ಹೇರತೀನಿ” ಅಂದ. ಹೆಂಡತಿಯ ಕೈ ನೋಡಿ ಅವನಿಗೆ ಮರುಕ ಬಂದಿತ್ತು. ಮಾಯವ್ವ ನಕ್ಕು, “ಮಂದಿ ಏನಂದಾರು?” ಅಂದಳು. “ನೋಡಿದ್ರ ಅಲ್ಲ ಅನ್ನೂದು” ಅಂತ ಅವನು ಆ ಕಡೆ ಈ ಕಡೆ ನೋಡಿದ. ಕುರಿಗಳನ್ನು ಎಬ್ಬಿಸುತ್ತಿದ್ದ ಗಂಡಸರ ದನಿ ಹತ್ತಿರದಲ್ಲೇ ಕೇಳುತ್ತಿತ್ತು.

ಅವನು ನನ್ನನ್ನು ಎತ್ತಿ ಕೆಂಚಿಯ ಮೇಲೆ ಇಟ್ಟ. ಪಟ್ಟಿ ಎಳೆದ. ಕೆಂಚಿ ಉಸಿರು ತುಂಬಿಕೊಂಡಿತು. ಕೊಂಡಿಯನ್ನು ಐದನೆಯ ತೂತಿಗೆ ಹಾಕಿದ. ಬೆರಳು ಹಾಕಿ ನೋಡಿದ, ಸಂದು ಇರಲಿಲ್ಲ. ಸಮಾಧಾನವಾಯಿತು. ಚೀಲ, ಪಾತ್ರೆ, ಕೋಳಿಬುಟ್ಟಿ ಒಂದಾದ ಮೇಲೊಂದು ಹೇರಿದ. ಕಂಬಳಿಯ ಗೂಡು ಮಾಡಿ ಮಗಳನ್ನು ಕೂರಿಸಿ ಸೀರೆಪಟ್ಟಿಯನ್ನು ಗಂಟು ಹಾಕಿದ. ಆ ಗಂಟು ಮಾತ್ರ ಅವನು ತುಂಬ ಗಟ್ಟಿಯಾಗಿ ಹಾಕಿದ್ದ.

ಮಾಯವ್ವ ಎಡಗೈಯಲ್ಲಿ ಒಲೆಯ ಕಲ್ಲು ಎತ್ತಿ ಬೂದಿಗೆ ನೀರು ಹಾಕಿ ಬಂದಳು. “ಪಟ್ಟಿ ಬಿಗದ್ರೇನು?” ಅಂತ ಕೇಳಿದಳು.

“ಹೂಂ, ಬಿಗದೀನಿ.”

ಅವಳ ಬಾಯಿ ಮತ್ತೆ ತೆರೆಯಿತು. “ಎರಡ ಸಲ?” ಅಂತ ಕೇಳಬೇಕಿತ್ತು. ಅಷ್ಟರಲ್ಲಿ ಇಬ್ಬರು ಗಂಡಸರು ಬೇಲಿ ದಾಟಿ ಬಂದರು. ಅವರ ಮುಂದೆ ಗಂಡನನ್ನು ಕುದುರೆಯ ಹೇರಿನ ಬಗ್ಗೆ ಕೇಳಿದರೆ ಅವನು ನಗೆಪಾಟಲಾಗುತ್ತಾನೆ. ಅವಳು ಬಾಯಿ ಮುಚ್ಚಿದಳು. ಅಮೋಗೆಪ್ಪ ಏನೂ ಆಗದವನಂತೆ ಕೋಲು ಹಿಡಿದು ಅವರ ಜೊತೆ ಹೊರಟುಬಿಟ್ಟ. ಒಂದೇ ಕೈಯಲ್ಲಿ ಪಟ್ಟಿ ಎಳೆಯಲು ಅವಳಿಂದ ಆಗುತ್ತಿರಲಿಲ್ಲ, ಗಂಡನ ಮಾತು ನಂಬಿ ಎಡಗೈಯಲ್ಲಿ ಕೆಂಚಿಯ ಹಗ್ಗ ಹಿಡಿದಳು.

ಕೆಂಚಿ ನಾಲ್ಕು ಹೆಜ್ಜೆ ನಡೆಯಿತು. ಉಸಿರು ಬಿಟ್ಟಿತು. ಪಟ್ಟಿ ಸಡಿಲಾದದ್ದು ನನಗೆ ಗೊತ್ತಾಯಿತು. ಮರದ ಮೈಯಲ್ಲಿ ಎಷ್ಟು ಕೂಗಬಹುದೋ ಅಷ್ಟು ಕೂಗಿದೆ. ಕಿರ್ರೆಂದೆ, ಕಟಕಟ ಅಂದೆ. ಜೀನು ಯಾವಾಗಲೂ ಕಿರುಗುಟ್ಟುತ್ತದೆ, ಅದನ್ನು ಯಾರು ಕೇಳುತ್ತಾರೆ? ದಂಡೆಯ ದಾರಿ ಸಮವಾಗಿರುವವರೆಗೆ ಹೇರಿನ ತೂಕದ ಮೇಲೆಯೇ ನಿಂತಿದ್ದೆ. ಕಾಶಿ ಕಮಾನು ಬಡಿಯುತ್ತ ಹಾಡುತ್ತಿದ್ದಳು. ಮುಂದೆ ಒಂದು ಕಡೆ ದಾರಿ ಕಾಲುವೆಯ ಕಡೆ ಇಳಿಜಾರಾಗಿತ್ತು. ಕೆಂಚಿ ಮುಂಗಾಲು ಕೆಳಗಿಟ್ಟಿತು, ನೀರಿನ ಕೊಡ ವಾಲಿತು, ನಾನು ತಿರುಗಿದೆ.

ಬೆನ್ನ ಮೇಲಿದ್ದವನು ಪಕ್ಕೆಗೆ ಬಂದೆ, ಪಕ್ಕೆಯಿಂದ ಹೊಟ್ಟೆಗೆ. ಕೆಂಚಿ ಬೆದರಿ ಒದ್ದು ಜಿಗಿಯಿತು. ಕೊಂಡಿ ಕಳಚಲಿಲ್ಲ, ಕೊಂಡಿಯ ಹಿಂದಿನ ಹೊಲಿಗೆ ಹರಿಯಿತು. ನಾನು, ಹಿಟ್ಟಿನ ಚೀಲ, ಕಂಬಳಿ, ಕಾಶಿ, ಎಲ್ಲ ಒಟ್ಟಿಗೆ ಕಾಲುವೆಗೆ. ಸೀರೆಪಟ್ಟಿಯ ಗಂಟು ಬಿಚ್ಚಲಿಲ್ಲ. ಅದು ಬಿಚ್ಚಿದ್ದರೆ ಕೂಸು ತೇಲುತ್ತಿತ್ತೋ ಏನೋ. ಅಪ್ಪ ಹಾಕಿದ್ದ ಗಂಟು, ಅವಳನ್ನು ಹೇರಿಗೇ ಹಿಡಿದಿತ್ತು. ಹೇರು ನೀರು ಕುಡಿದು ಮುಳುಗಿತು.

ಮಾಯವ್ವ ನಮ್ಮ ಹಿಂದೆಯೇ ಹಾರಿದಳು. ಬೆಂದ ಕೈಯ ಅರಿವೆ ನೀರಿನಲ್ಲಿ ಬಿಚ್ಚಿ ಹೋಯಿತು. ಆ ಕೈಯಲ್ಲೇ ನನ್ನ ಕಮಾನು ಹಿಡಿದಳು. ಅವಳ ಚರ್ಮ ನನ್ನ ಮರಕ್ಕೆ ಅಂಟಿತು. ಬಿಡಲಿಲ್ಲ. ಮುಂದಿನ ತೂಬಿನ ಹತ್ತಿರ ಕಬ್ಬಿನ ಹೊಲದವರು ಎಲ್ಲರನ್ನೂ ಎಳೆದು ಹಾಕಿದರು. ಆ ಹೊತ್ತಿಗೆ ಕಾಶಿಯಲ್ಲಿ ಜೀವ ಇರಲಿಲ್ಲ. ಆ ಪುಟ್ಟ ಕೈ ಕಮಾನಿನ ಮೇಲೆಯೇ ಇತ್ತು.

ದಂಡೆಯ ಮೇಲೆ ನನ್ನನ್ನು ಬಿಸಿಲಿಗೆ ಉರುಳಿಸಿದ್ದರು. ಕೂಸನ್ನು ಮಡಿಲಲ್ಲಿಟ್ಟುಕೊಂಡ ಮಾಯವ್ವನ ಕಣ್ಣು ನನ್ನ ಪಟ್ಟಿಯ ಮೇಲೆ ಬಿತ್ತು. ಕೊಂಡಿ ಐದನೆಯ ತೂತಿನಲ್ಲಿತ್ತು. ಬಹಳ ಹೊತ್ತು ನೋಡಿದಳು. ಓಡಿ ಬಂದ ಅಮೋಗೆಪ್ಪ ಮೊದಲು ಕೂಸನ್ನು ನೋಡಿದ, ಆಮೇಲೆ ಹೆಂಡತಿ ಏನು ನೋಡುತ್ತಿದ್ದಾಳೆಂದು ನೋಡಿದ. ಅವಳು ಸಣ್ಣ ದನಿಯಲ್ಲಿ, “ಎರಡ ಸಲ ಬಿಗೀಬೇಕರಿ” ಅಂದಳು. ಅಷ್ಟೇ. ಅವನಿಗೆ ತಿಳಿಯಿತು.

ಅವನು ಎದ್ದು ನೀರಿನ ಕಡೆ ನಡೆದ. ಅವನ ನಡಿಗೆಯಲ್ಲೇ ಅವಳಿಗೆ ಗೊತ್ತಾಯಿತು. ಎಡಗೈಯಲ್ಲಿ ಅವನ ಧೋತರ ಹಿಡಿದಳು.

“ಬಿಡು ಮಾಯಿ. ನಾ ಕೊಂದೆ.”

“ಕೂಡ್ರಿ.”

“ಎಲ್ಲಾರಿಗೂ ಹೇಳತೀನಿ, ಆಮ್ಯಾಲೆ ಹೋಗತೀನಿ.”

“ಹೇಳಿದ್ರ ನಿಮ್ಮನ್ನ ಯಾರ ಉಳಸ್ತಾರ? ತನ್ನ ಕೂಸ ಕಾಯಾಕ ಆಗದಾಂವ ಮಂದಿ ಕುರಿ ಏನ್ ಕಾಯ್ತಾನ ಅಂತಾರ. ಅದನ್ನ ಕೇಳಿ ನೀವು ಬದುಕಾಂಗಿಲ್ಲ. ನನಗ ಇವತ್ತ ಎರಡ ಹೆಣ ಹೊರೂ ಶಕ್ತಿ ಇಲ್ಲ. ಕುದುರಿ ನಂದು. ಹೇರಿದಾಕಿ ನಾನ. ಅಷ್ಟ ತಿಳ್ಕೋರಿ.”

ಅವನು ಅತ್ತ. ಬೇಡ ಅನ್ನಲಿಲ್ಲ. ನಾನು ಅವನನ್ನು ಕ್ಷಮಿಸದೇ ಇರುವುದು ಪಟ್ಟಿಗಾಗಿ ಅಲ್ಲ, ಆ ಮೌನಕ್ಕಾಗಿ.

ಜನ ಸೇರಿದರು. ಯಾರು ಹೇರಿದ್ದು ಅಂತ ಯಾರೂ ಕೇಳಲೇ ಇಲ್ಲ. ಕುದುರೆಗೆ ಹೆಂಗಸಲ್ಲದೆ ಇನ್ಯಾರು ಹೇರುತ್ತಾರೆ? “ನಾನ ಎರಡನೇ ಸಲ ಬಿಗೀಲಿಲ್ಲ” ಅಂತ ಮಾಯವ್ವ ಹೇಳಿದಳು. “ಸುಟ್ಟ ಕೈ ಇಟ್ಕೊಂಡು ಒಬ್ಬಾಕಿನ ಹೇರಾಕ ಯಾರ ಹೇಳಿದ್ರು? ನಾವೇನ್ ಸತ್ತಿದ್ವ್ಯಾ?” ಅಂತ ಹೆಂಗಸರು ಬಡಿದುಕೊಂಡು ಅತ್ತರು. ಬಾಳವ್ವ ಮೊಮ್ಮಗಳ ಕಾಲು ಹಿಡಿದುಕೊಂಡು ಸೊಸೆಯ ಮುಖ ನೋಡಿದಳು. “ಮುದುಕಿ ನನ್ನ ಹೊತ್ತು ಉಳಿಸಿದಿ. ಕೂಸಿನ್ನ ಕೆಡವಿದಿ” ಅಂದಳು. ಆಮೇಲೆ ಸಾಯುವವರೆಗೂ ಸೊಸೆಯ ಜೊತೆ ಹತ್ತು ಮಾತು ಆಡಿರಲಿಕ್ಕಿಲ್ಲ.

ನನ್ನನ್ನು ಸುಟ್ಟುಬಿಡಿ ಅಂತ ಯಾರೋ ಅಂದರು. ನನಗೂ ಅದೇ ಬೇಕಿತ್ತು. ಮಾಯವ್ವ ಬಿಡಲಿಲ್ಲ. “ಕುದುರಿದು ತಪ್ಪಿಲ್ಲ, ಜೀನಿಂದೂ ತಪ್ಪಿಲ್ಲ” ಅಂದಳು. ಹರಿದ ಹೊಲಿಗೆಯನ್ನು ತಾನೇ ಹೊಲಿದಳು. ಮುಂದಿನ ಬಿಡಾರಕ್ಕೆ ಹೊರಟಾಗ ನನ್ನ ಮೇಲೆ ಚೀಲವಿತ್ತು, ಪಾತ್ರೆಯಿತ್ತು, ಕೋಳಿಯಿತ್ತು. ಅವಳು ಕೆಂಚಿಯನ್ನು ನಾಲ್ಕು ಹೆಜ್ಜೆ ನಡೆಸಿ, ನಿಲ್ಲಿಸಿ, ಎರಡನೆಯ ಸಲ ಬಿಗಿದಳು. ಮೇಲೆ ಗೂಡು ಇರಲಿಲ್ಲ.

ಅಲ್ಲಿಂದ ಮುಂದೆ ಯಾರ ಕೂಸೂ ನನ್ನ ಮೇಲೆ ಕೂರಲಿಲ್ಲ. ಯಾರೂ ಬಾಯಿಬಿಟ್ಟು ಬೇಡ ಅನ್ನಲಿಲ್ಲ. ಹೊಸ ಕೂಸು ಹುಟ್ಟಿದಾಗ ಬಾಣಂತಿ ಬೇರೆ ಕುದುರೆಯ ಕಡೆ ನಡೆಯುತ್ತಿದ್ದಳು, ಮಾಯವ್ವ ಅದೇ ಹೊತ್ತಿಗೆ ಬಗ್ಗಿ ಕೆಂಚಿಯ ಗೊರಸು ನೋಡುತ್ತಿದ್ದಳು. ಗೊರಸಿನಲ್ಲಿ ಏನೂ ಇರುತ್ತಿರಲಿಲ್ಲ.

ಉಳಿದದ್ದನ್ನೆಲ್ಲ ಅವಳು ಮಾಡಿದಳು. ಗಂಡನಿಗೆ ಬಿಸಿ ರೊಟ್ಟಿ ತಪ್ಪಿಸಲಿಲ್ಲ. ಅವನು ಉಣ್ಣಲು ಕೂತು ಕೈ ನಿಲ್ಲಿಸಿದರೆ, “ಉಣ್ರಿ” ಅನ್ನುತ್ತಿದ್ದಳು. ಹಿಂಡಿನ ಮುಂದಾಳುತನ ಅವನಲ್ಲೇ ಉಳಿಯಿತು. ಜನ ಅವನನ್ನು ಇನ್ನೂ ಹೆಚ್ಚು ಗೌರವಿಸಿದರು: ಇಂಥ ತಪ್ಪು ಮಾಡಿದ ಹೆಂಡತಿಯ ಮೇಲೆ ಒಂದು ದಿನವೂ ಕೈ ಎತ್ತಲಿಲ್ಲ, ದೇವರಂಥ ಮನುಷ್ಯ. ಆ ಮಾತು ನನ್ನ ಪಕ್ಕದಲ್ಲೇ ಎಷ್ಟು ಸಲ ಬಂದಿದೆಯೋ. ಮಾಯವ್ವ ಕೇಳಿ, “ಹೌದರಿ, ದೇವರಂಥವ್ರು” ಅನ್ನುತ್ತಿದ್ದಳು. ಅದರಲ್ಲಿ ಕೊಂಕು ಇರಲಿಲ್ಲ. ಕೊಂಕು ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ರೇವಿ ಬೆಳೆದಳು. ತಾಯಿಯ ಹಾಗೇ ಚೂಪು ಕಣ್ಣು, ತಾಯಿಯ ಹಾಗೇ ಕುದುರೆಯ ಹುಚ್ಚು. ಆದರೆ ಕೆಂಚಿಯ ಹತ್ತಿರ ಬರುತ್ತಿರಲಿಲ್ಲ. ದೊಡ್ಡವಳಾದ ಮೇಲೆ ತನ್ನದೇ ಕುದುರೆಯನ್ನು ತಾನೇ ಹೇರಿಕೊಳ್ಳುತ್ತಿದ್ದಳು, ತಾಯಿಯಿಂದ ಕಲಿತದ್ದನ್ನು ತಾಯಿಗೆ ಬೆನ್ನು ಹಾಕಿ ಮಾಡುತ್ತಿದ್ದಳು. ಅದೇ ಗುಂಪಿನ ಹುಡುಗನ ಜೊತೆ ಮದುವೆಯಾಯಿತು. ಗಂಡುಮಗು ಹುಟ್ಟಿತು.

ಆ ಕೂಸಿನ ಮೊದಲ ಪ್ರಯಾಣದ ದಿನ ಮಾಯವ್ವ ಬೇಗ ಎದ್ದಳು. ಕೆಂಚಿ ಆಗಲೇ ಸತ್ತು ಅದರ ಮರಿ ಚಂದ್ರಿ ದೊಡ್ಡದಾಗಿತ್ತು. ಚಂದ್ರಿಯ ಮೈ ತಿಕ್ಕಿದಳು. ನನ್ನ ಮೆತ್ತೆ ಬಿಚ್ಚಿ ಹೊಸ ಉಣ್ಣೆ ತುಂಬಿದ್ದಳು, ಪಟ್ಟಿಗೆ ಎಣ್ಣೆ ಹಚ್ಚಿದ್ದಳು. ಬಿಗಿದಳು, ನಡೆಸಿದಳು, ಮತ್ತೆ ಬಿಗಿದಳು. ನನ್ನ ಮೇಲೆ ಹದಿನೆಂಟು ವರ್ಷಗಳ ಮೇಲೆ ಕಂಬಳಿಯ ಗೂಡು ಬಂತು. ಆಸೆಗೆ ನಾಚಿಕೆ ಇರುವುದಿಲ್ಲ ನೋಡಿ, ನಾನೂ ಆಸೆಪಟ್ಟೆ.

ರೇವಿ ಕೂಸನ್ನು ಸೊಂಟಕ್ಕೆ ಕಟ್ಟಿಕೊಂಡು ಬಂದಳು. ಮಾಯವ್ವ ಕೈ ಚಾಚಿದಳು.

“ಕೊಡವ್ವಾ. ಮೆತ್ತಗ ಮಾಡೀನಿ ನೋಡು.”

ರೇವಿ ಗೂಡನ್ನು ನೋಡಿದಳು. ನನ್ನನ್ನು ನೋಡಿದಳು.

“ಬ್ಯಾಡವ್ವಾ. ನಾ ಹೊತ್ಕೊಂಡ ನಡೀತೀನಿ.”

“ಬಾಣಂತಿ ನೀ. ಹತ್ತ ಮೈಲಿ ಐತಿ.”

“ನಡೀತೀನಿ ಅಂದ್ನೆಲ್ಲ. ನನ್ನ ಕೂಸಿನ್ನ ನಿನ್ನ ಕುದುರಿ ಮ್ಯಾಲೆ ಕೂಡಸಾಂಗಿಲ್ಲ.”

ಅಮೋಗೆಪ್ಪ ಹತ್ತು ಹೆಜ್ಜೆ ದೂರದಲ್ಲಿ ಕೋಲು ಊರಿ ನಿಂತಿದ್ದ. ಅವನು ಒಂದು ಹೆಜ್ಜೆ ಮುಂದೆ ಇಟ್ಟ. ಮಾಯವ್ವ ತಿರುಗಿ ಅವನನ್ನು ನೋಡಿ, ತಲೆ ಅಲ್ಲಾಡಿಸಿದಳು. ಹೇಳಬೇಡಿ ಅಂತ. ಅವನು ಕುರಿಗಳ ಕಡೆ ಹೋದ. ಅವಳು ಗೂಡಿನ ಕಂಬಳಿಯನ್ನು ಒಂದೊಂದೇ ಮಡಿಕೆ ಬಿಚ್ಚಿ ಕೊಡವಿ ಮಡಚಿಟ್ಟಳು. ಹತ್ತು ಮೈಲಿ ರೇವಿ ಕೂಸು ಹೊತ್ತು ನಡೆದಳು, ಪಕ್ಕದಲ್ಲಿ ಖಾಲಿ ಕುದುರೆ ಹಿಡಿದು ಮಾಯವ್ವ ನಡೆದಳು. ತಾಯಿಯೂ ಕುದುರೆ ಹತ್ತಲಿಲ್ಲ.

ಆಮೇಲೆ ಕಾಲ ಬದಲಾಯಿತು. ಎಂಟು ಮನೆಯವರು ಸೇರಿ ಸಣ್ಣ ಗೂಡ್ಸ್ ಗಾಡಿ ಇಟ್ಟುಕೊಂಡರು. ಪಾತ್ರೆ, ಕೋಳಿ, ಕೂಸು ಎಲ್ಲ ಗಾಡಿಯಲ್ಲಿ. ಕುದುರೆಗಳನ್ನು ಒಂದೊಂದಾಗಿ ಮಾರಿದರು. ಮಾಯವ್ವ ಚಂದ್ರಿಯನ್ನು ಮಾರಲಿಲ್ಲ. ಅವಳಿಗೆ ಹೊಟ್ಟೆಯಲ್ಲಿ ಗಂಟು ಬೆಳೆದು ನಡೆಯಲು ಆಗದಾದಾಗ ಊರಿನ ಮನೆಯಲ್ಲಿ ಮಲಗಿದಳು. ಗೋಡೆಗೆ ಒರಗಿಸಿದ್ದ ನನ್ನ ಪಕ್ಕದಲ್ಲೇ ಹಾಸಿಗೆ. ಕೆಲವೊಮ್ಮೆ ಬೆಂದ ಗುರುತಿನ ಆ ಕೈಯನ್ನು ಚಾಚಿ ನನ್ನ ಮುಂದಿನ ಕಮಾನಿನ ನುಣುಪು ಜಾಗದ ಮೇಲೆ ಇಡುತ್ತಿದ್ದಳು. ರೇವಿ ಬಂದು ಗಂಜಿ ಕುಡಿಸುತ್ತಿದ್ದಳು, ಮೈ ಒರೆಸುತ್ತಿದ್ದಳು, ಚೆನ್ನಾಗಿಯೇ ನೋಡಿಕೊಂಡಳು. ಮಗನನ್ನು ಮಾತ್ರ ಅಜ್ಜಿಯ ಹತ್ತಿರ ಬಿಟ್ಟು ಹೋಗುತ್ತಿರಲಿಲ್ಲ. ಅಭ್ಯಾಸವಾಗಿಬಿಟ್ಟಿತ್ತು. ಹುಡುಗನಿಗೆ ಹತ್ತು ವರ್ಷ ಆಗಿತ್ತು.

ಒಂದು ಬೆಳಿಗ್ಗೆ ಗಂಜಿಯ ಬಟ್ಟಲು ತಂದ ರೇವಿ ಬಟ್ಟಲನ್ನು ಹಾಗೇ ನೆಲಕ್ಕಿಟ್ಟು ಕೂತಳು. ಮಾಯವ್ವ ಹೋಗಿದ್ದಳು.

ಐದನೆಯ ದಿನ ಮಣ್ಣು ಮಾಡಿದ ಜಾಗಕ್ಕೆ ಎಡೆ ಒಯ್ಯಬೇಕು. ಗಾಡಿಯಲ್ಲಿ ಒಯ್ಯೋಣ ಅಂದರು. ಅಮೋಗೆಪ್ಪ, “ಬ್ಯಾಡ, ಅಕಿ ಕುದುರಿ ಮ್ಯಾಲೆ ಹೋಗ್ಲಿ” ಅಂದ. ಜನ ಬರುವ ಮೊದಲೇ ಅಂಗಳದಲ್ಲಿ ಚಂದ್ರಿಯ ಮೇಲೆ ನನ್ನನ್ನು ಇಟ್ಟ. ಪಟ್ಟಿ ಎಳೆದ, ಐದನೆಯ ತೂತಿಗೆ ಹಾಕಿದ. ಚಂದ್ರಿಯನ್ನು ನಾಲ್ಕು ಹೆಜ್ಜೆ ನಡೆಸಿದ. ನಿಲ್ಲಿಸಿ, ಕೈ ಹಾಕಿ ನೋಡಿ, ಮತ್ತೆ ಎಳೆದು ಏಳನೆಯ ತೂತಿಗೆ ಹಾಕಿದ.

ಬಾಗಿಲಲ್ಲಿ ರೇವಿ ನಿಂತಿದ್ದಳು.

“ಯಪ್ಪಾ, ನಿನಗ ಹೇರಾಕ ಬರ್ತೈತಿ?”

“ಇಲ್ಲವ್ವಾ. ಒಂದ ಸಲ ಹೇರಿದ್ದೆ.”

ಹೇಳಿದ ಮೇಲೆ ತಾನು ಹೇಳಿದ್ದು ಅವನಿಗೆ ಕೇಳಿಸಿತು. ಪಟ್ಟಿ ಹಿಡಿದ ಕೈ ಹಾಗೇ ನಿಂತಿತು.

“ಯಾವಾಗ?”

ರೇವಿ ಮೆಟ್ಟಿಲು ಇಳಿದು ಬಂದಳು. “ಅವ್ವನ ಕೈಗೆ ಅರಿವಿ ಸುತ್ತಿತ್ತು” ಅಂದಳು ತನಗೆ ತಾನೇ ಅನ್ನುವಂತೆ. “ನಾ ಆಯಿ ಜೋಡಿ ಮುಂದ ಹೋಗಿದ್ದೆ. ಅವ್ವನ ಬಲಗೈ ಮಡಚಾಕ ಬರತಿರಲಿಲ್ಲ. ಯಪ್ಪಾ, ಒಂದ ಕೈಲೇ ಪಟ್ಟಿ ಹೆಂಗ ಎಳದ್ಲು?”

“ಅಕಿ ಎಳೀಲಿಲ್ಲ.”

ಇಪ್ಪತ್ತೆಂಟು ವರ್ಷ ನಾನು ಕೇಳಲು ಕಾದ ಮಾತು. ಕೇಳಿದಾಗ ಏನೂ ಅನ್ನಿಸಲಿಲ್ಲ. ಕೇಳಬೇಕಾದವಳು ಮಣ್ಣಲ್ಲಿದ್ದಳು.

ರೇವಿ ಕೂಗಲಿಲ್ಲ. ನನ್ನ ಕಮಾನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. “ನಾ ಅಕಿ ಕೈಯಾಗ ನನ್ನ ಕೂಸ ಕೊಡಲಿಲ್ಲಪ್ಪ” ಅಂದಳು. “ಗೂಡ ಮಾಡಿ ನಿಂತಿದ್ಲು. ನೀನೂ ಅಲ್ಲೇ ಇದ್ದಿ. ನಾ ಕೊಡಲಿಲ್ಲ.”

ಆಮೇಲೆ ಕಣ್ಣು ಒರೆಸಿಕೊಂಡು, “ಇವತ್ತ ಎಲ್ಲಾರೂ ಬರತಾರ. ಎಲ್ಲಾರ ಮುಂದ ಹೇಳು” ಅಂದಳು. ಅವನು ಹೂಂ ಅಂದ.

ಎಡೆ ಇಟ್ಟು ಮುಗಿಯಿತು. ಜನ ಬೇವಿನ ನೆರಳಿಗೆ ಕೂತರು. ಗುಂಪಿನ ಹಿರಿಯ ಬಸಲಿಂಗಪ್ಪ ಮಾಯವ್ವನ ಬಗ್ಗೆ ಮಾತಾಡಿದ. ಗಂಡನ ನೆರಳಾಗಿ ಬಾಳಿದಾಕಿ ಅಂದ. ಮಗಳನ್ನು ಛಲೋ ಬೆಳೆಸಿದಾಕಿ ಅಂದ. ಕುದುರೆ ಹತ್ತಿದರೆ ಗಾಳಿ ಹಿಂದೆ ಬೀಳುತ್ತಿತ್ತು, ಅಂಥ ಹೆಣ್ಣುಮಗಳು ಇನ್ನೊಬ್ಬಳಿಲ್ಲ ಅಂದ. ಆಮೇಲೆ ಸ್ವಲ್ಪ ತಡೆದು, “ಒಂದ ದಿನಾ ಮರತ್ಲು. ಯಾರ ಮರಿಯಾಂಗಿಲ್ಲ ಹೇಳ್ರಿ” ಅಂದ. ಎಲ್ಲರೂ ಲೊಚಗುಟ್ಟಿದರು.

ರೇವಿ ತಂದೆಯ ಕಡೆ ನೋಡಿದಳು. ಅಮೋಗೆಪ್ಪ ಕೋಲು ಊರಿ ಎದ್ದ. ಎಲ್ಲರೂ ಅವನ ಕಡೆ ತಿರುಗಿದರು. ಅವನ ತುಟಿಗಳು ಅಲುಗಿದವು. ಕೋಲು ಕೈಯಿಂದ ಜಾರಿತು. ಅವನ ಕಣ್ಣು ಜನರನ್ನು ದಾಟಿ ದೂರ ಎಲ್ಲೋ ಹೋಯಿತು. ಇಪ್ಪತ್ತೆಂಟು ವರ್ಷಗಳ ಹಿಂದೆ ಕಾಲುವೆಯ ಕಡೆ ನಡೆದಾಗ ಇದ್ದ ಮುಖವೇ. ನಾನು ಗುರುತು ಹಿಡಿದೆ. ರೇವಿ ಆ ದಿನ ಅದನ್ನು ನೋಡಿರಲಿಲ್ಲ, ಆದರೆ ಅವಳೂ ಗುರುತು ಹಿಡಿದಳು. ಈ ಮುದುಕ ಇದನ್ನು ಹೇಳಿದರೆ ನಾಳೆ ಬೆಳಗಿನವರೆಗೆ ಉಳಿಯುವುದಿಲ್ಲ.

ಅವಳು ಎದ್ದು ಹೋಗಿ ತಂದೆಯ ರಟ್ಟೆ ಹಿಡಿದಳು. “ಕೂಡಪ್ಪಾ” ಅಂದಳು. ಜನರ ಕಡೆ ತಿರುಗಿ, “ಹೌದರಿ. ನಮ್ಮವ್ವ ಒಂದ ದಿನಾ ಮರತ್ಲು” ಅಂದಳು.

ಹೇರು ಒಂದು ಬೆನ್ನಿನಿಂದ ಇನ್ನೊಂದು ಬೆನ್ನಿಗೆ ಹೋಗುವುದನ್ನು ನಾನು ಜೀವಮಾನವೆಲ್ಲ ನೋಡಿದ್ದೇನೆ. ಇದನ್ನೂ ನೋಡಿದೆ. ಮಾಯವ್ವ ಎಲ್ಲಿ ಇಳಿಸಿದಳೋ ಅಲ್ಲಿಂದ ರೇವಿ ಎತ್ತಿಕೊಂಡಳು.

ಚಂದ್ರಿಯೂ ಈಗಿಲ್ಲ. ನಾನು ರೇವಿಯ ಮನೆಯ ಹಿತ್ತಿಲ ಚಪ್ಪರದಲ್ಲಿ, ಅಡ್ಡ ಹಾಕಿದ ತುಂಡುಗಂಬದ ಮೇಲೆ ಕೂತಿದ್ದೇನೆ. ಮೆತ್ತೆಯನ್ನು ಇಲಿಗಳು ತಿಂದಿವೆ. ಗೆದ್ದಲು ಹಿಂದಿನ ಕಮಾನಿನವರೆಗೆ ಬಂದಿದೆ, ಮುಂದಿನದಕ್ಕೂ ಬರುತ್ತದೆ. ಆ ನುಣುಪು ಜಾಗವನ್ನೂ ತಿನ್ನುತ್ತದೆ. ಮನೆಯಲ್ಲಿ ಯಾರಾದರೂ ತೀರಿಹೋದ ಅಜ್ಜಿಯ ಮಾತು ತೆಗೆದರೆ, ಆ ಒಂದು ದಿನದ ಮಾತು ಬಂದೇ ಬರುತ್ತದೆ. ರೇವಿ ಎದ್ದು ಹಿತ್ತಿಲಿಗೆ ಬರುತ್ತಾಳೆ.

ಬಂದು ಕಂಬದ ಸುತ್ತ ನನ್ನ ಪಟ್ಟಿ ಎಳೆದು ಐದನೆಯ ತೂತಿಗೆ ಕೊಂಡಿ ಹಾಕುತ್ತಾಳೆ. ನಾಲ್ಕು ಹೆಜ್ಜೆ ನಡೆಸಲು ಕುದುರೆ ಇಲ್ಲ. ಆದರೂ ಅಷ್ಟು ಹೊತ್ತು ಕಾಯುತ್ತಾಳೆ. ಆಮೇಲೆ ಮತ್ತೆ ಎಳೆ‌ಯುತ್ತಾಳೆ.